ಸೊಟ್ಟ ಎಡಹುಬ್ಬು

ನಾನು ಮೈಸೂರು ಬೀಟೆಮರದ ಒಂದು ಪೆಟ್ಟಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ನನ್ನನ್ನು ಇಟ್ಟಿರುವ ಗಾಜಿನ ಕಪಾಟಿನಲ್ಲಿ ‘ಚೀನಾ ದೇಶದ ಪೆಟ್ಟಿಗೆ’ ಎಂದು ಚೀಟಿ ಅಂಟಿಸಿದ್ದಾರೆ. ಚೀನಾ ಅಂತೆ! ನನ್ನ ಮುಚ್ಚಳದ ಮೇಲೆ ಅಂಬಾರಿ ಹೊತ್ತ ದಂತದ ಆನೆ ನಿಂತಿದೆ. ಕಣ್ಣಿದ್ದವರಿಗೆ ಅಷ್ಟು ಸಾಲದೇ?

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಖಾದರ್ ಸಾಹೇಬರ ಕೈಯಲ್ಲಿ. ಸಾಹೇಬರು ಬಣ್ಣದ ಡಬ್ಬಿ ಕಂಡರೆ ಉರಿದುಬೀಳುತ್ತಿದ್ದರು. ಪಕ್ಕದಂಗಡಿಯವರು ಯಾವುದೋ ಮರಕ್ಕೆ ಕೆಂಪು ಬಳಿದು ಬೀಟೆ ಎಂದು ಮಾರುತ್ತಿದ್ದರೆ, “ಬಳಿಯೋರು ಬಳ್ಕೊಳ್ಳಿ ಬಿಡಪ್ಪ. ನಮ್ಮ ಮರಕ್ಕೆ ಅದರದೇ ಬಣ್ಣ ಐತೆ. ಕೊರೀಬೇಕು, ದಂತ ಕೂರಿಸ್ಬೇಕು, ಉಜ್ಜಬೇಕು” ಎನ್ನುತ್ತಿದ್ದರು. ಮೂರು ವಾರ ನನ್ನನ್ನು ಕೊರೆದರು, ಕೂರಿಸಿದರು, ಉಜ್ಜಿದರು. ಎಲ್ಲ ಮುಗಿದು ಮುಚ್ಚಳದ ಒಳಗೆ ಕನ್ನಡಿ ಅಂಟಿಸಿದ ಮೇಲೆ ನೋಡುತ್ತಾರೆ, ಗಾಜಿನ ಎಡಭಾಗದಲ್ಲಿ ಒಂದು ಸಣ್ಣ ಅಲೆ! ಕೊಳ್ಳುವವನು ಆಗಲೇ ಬಾಗಿಲಲ್ಲಿ ನಿಂತಿದ್ದ. ಬೆನೆಟ್ ಎಂಬ ಅಮೆರಿಕದ ಕ್ಯಾಮೆರಾದವನು, ಆನೆ ಹಿಡಿಯುವ ಖೆಡ್ಡಾದ ಚಿತ್ರ ತೆಗೆದುಕೊಂಡು ಊರಿಗೆ ಹೊರಟವನು. ರೈಲಿಗೆ ಹೊತ್ತಾಗಿತ್ತು. ಸಾಹೇಬರು ತಲೆ ಕೆರೆದುಕೊಂಡು, “ಇರಲಿ, ಗಂಡಸು ಕನ್ನಡಿ ಎಷ್ಟು ನೋಡ್ತಾನೆ” ಎಂದು ನನ್ನನ್ನು ಸುತ್ತಿ ಕೊಟ್ಟುಬಿಟ್ಟರು. ಅವರು ಆಯುಷ್ಯದಲ್ಲಿ ಮಾಡಿದ ಒಂದೇ ತಪ್ಪು ಅದು ಇರಬೇಕು. ಅದು ನನ್ನ ಪಾಲಿಗೆ ಬಂತು.

ಹಡಗು ಹತ್ತಿ ಹಾಲಿವುಡ್ ಸೇರಿದೆ. ಅಲ್ಲಿಯವರು ಆಡುತ್ತಿದ್ದುದು ಇಂಗ್ಲಿಷು. ನನಗೆ ಮಾತ್ರ ಅದೆಲ್ಲ ಮೈಸೂರ ಕಡೆಯ ಮಾತಾಗಿಯೇ ಕೇಳಿಸುತ್ತಿತ್ತು. ಮರ ಎಲ್ಲಿಯದೋ ಕಿವಿಯೂ ಅಲ್ಲಿಯದೇ ತಾನೆ? ಕೇಳಿಸಿದ ಹಾಗೆಯೇ ಹೇಳುತ್ತೇನೆ.

ಸಿನಿಮಾಕ್ಕೆ ಮಾತು ಬಂದು ಕೆಲವೇ ವರ್ಷವಾಗಿತ್ತು. ಸಿಲ್ವರ್‌ಗೇಟ್ ಎಂಬ ಸ್ಟುಡಿಯೋದಲ್ಲಿ ಬೆನೆಟ್ ಹೊಸಬರ ಮುಖ ಪರೀಕ್ಷೆಗೆ ಚಿತ್ರ ತೆಗೆಯುತ್ತಿದ್ದ. ಒಂದು ದಿನ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಕಲ್ಲಿದ್ದಲು ಗಣಿಯ ಊರಿನ ಅಗಸಗಿತ್ತಿಯ ಮಗಳು, ಲುದ್ಮಿಲಾ ಹುಡಾಕ್. ಮನೆಯಲ್ಲಿ ಮಿಲಾ. ಕ್ಯಾಮೆರಾವನ್ನು ಜಗಳಕ್ಕೆ ಬಂದವಳ ಹಾಗೆ ದಿಟ್ಟಿಸಿದಳು. ಬೆನೆಟ್‌ಗೆ ಅದು ಹಿಡಿಸಿತು. “ಬಣ್ಣ ಇಟ್ಕೊಳ್ಳೋಕೆ ಇದು ಬೇಕಾಗುತ್ತೆ” ಎಂದು ನನ್ನನ್ನು ಅವಳ ಕೈಗೆ ಕೊಟ್ಟ. ಬಣ್ಣ ಕಂಡರಾಗದ ಸಾಹೇಬರ ಪೆಟ್ಟಿಗೆ ಬಣ್ಣದ ಪೆಟ್ಟಿಗೆಯಾಯಿತು. ನನ್ನ ಪ್ರಾಪ್ತಿ ನೋಡಿ!

ಮಿಲಾ ಮಾಡಿದ ಮೊದಲ ಕೆಲಸ, ನನ್ನ ಕನ್ನಡಿಯ ಮೂಲೆಗೆ ತಾಯಿಯ ಫೋಟೋ ಸಿಕ್ಕಿಸಿದ್ದು. ತೋಳು ಮಡಿಸಿ ಒಗೆಯುವ ತೊಟ್ಟಿಯ ಮುಂದೆ ನಿಂತ ಹೆಂಗಸು. ಹುಬ್ಬು ಇದ್ದಿಲಿನಲ್ಲಿ ಎಳೆದ ಗೆರೆಯ ಹಾಗೆ, ದಪ್ಪ, ನೇರ. ಮಗಳದೂ ಅದೇ ಹುಬ್ಬು. ಆ ತಾಯಿ ಆಗಲೇ ತೀರಿಹೋಗಿದ್ದಳು. ಮಿಲಾಗೆ ಅವಳಿಂದ ಬಂದ ಆಸ್ತಿ ಎಂದರೆ ಮುಖದ ಮೇಲಿನ ಆ ಎರಡು ಗೆರೆ, ಅಷ್ಟೇ.

ಆ ಎರಡು ಗೆರೆಯ ಮೇಲೆಯೇ ಪ್ರಿಚರ್ಡ್‌ನ ಕಣ್ಣು ಬಿತ್ತು. ಪ್ರಿಚರ್ಡ್ ಅಂದರೆ ಸಿಲ್ವರ್‌ಗೇಟಿನ ಮೇಕಪ್ಪಿನ ಯಜಮಾನ. ಸಣಕಲು ಆಳು, ಬಿಳಿ ಕೋಟು, ಡಾಕ್ಟರರಿಗಿಂತ ಹೆಚ್ಚು ಗತ್ತು. ಮಿಲಾಳನ್ನು ಕುರ್ಚಿಯಲ್ಲಿ ಕೂರಿಸಿ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ.

“ಮುಖ ಚೆನ್ನಾಗಿದೆ. ಹುಬ್ಬು ಮಾತ್ರ ಮೂಟೆ ಹೊರೋರದು. ತೆಗೆದುಬಿಡೋಣ.”

“ತೆಗೆದ್ರೆ ಮತ್ತೆ ಬರ್ತವಾ?”

“ಎರಡು ವಾರ ಕಣಮ್ಮ. ಗರಿಕೆ ಬಂದ ಹಾಗೆ ಬರ್ತವೆ.”

ಸರಸರ ಬೋಳಿಸಿದ. ಅದರ ಮೇಲೆ, ಒಂದು ಬೆರಳು ಎತ್ತರದಲ್ಲಿ, ದಾರದಷ್ಟು ತೆಳ್ಳಗೆ ಎರಡು ಕಮಾನು ಬರೆದ. ಆಮೇಲೆ ಒಂದು ಹಾಳೆಯಲ್ಲಿ ಅವಳ ಮುಖದ ನಕ್ಷೆ ಮಾಡಿ, ಕಮಾನು ಎಷ್ಟು ಎತ್ತರ, ಎಷ್ಟು ಉದ್ದ ಎಂದು ಗುರುತು ಹಾಕಿ, ಗೋಡೆಗೆ ಹೊಡೆದ. ಆ ಸ್ಟುಡಿಯೋದ ಪದ್ಧತಿ ಅದು. ಪ್ರತಿ ನಟಿಯ ಮುಖಕ್ಕೂ ಒಂದು ನಕ್ಷೆ. ಬೆಳಗಾದರೆ ಅದರ ಪ್ರಕಾರ ಮುಖ ತಯಾರಾಗಬೇಕು. ನಕ್ಷೆಯ ಕೆಳಗೆ ಹೊಸ ಹೆಸರನ್ನೂ ಬರೆದರು. ಲೋರಾ ವೇಲ್.

ಎರಡು ವಾರ ಹೋಯಿತು, ಎರಡು ತಿಂಗಳು ಹೋಯಿತು. ಹುಬ್ಬು ಬರಲಿಲ್ಲ. ಅಲ್ಲಿ ಕೂದಲು ಬಾಚುವ ಚೆಲೊ ಎಂಬ ಮೆಕ್ಸಿಕೋ ಕಡೆಯ ಹುಡುಗಿ ಇದ್ದಳು; ಮಿಲಾಳ ವಾರಿಗೆಯವಳು, ಬಾಯಿ ಬಲು ಜೋರು. ದಿನಾ ಸಂಜೆ ಹರಳೆಣ್ಣೆ ತಂದು ತಿಕ್ಕಿದಳು. ಏನೂ ಆಗಲಿಲ್ಲ. ಬೋಳು ಹಣೆ ನೋಡಿಕೊಂಡು ಮಿಲಾ ನನ್ನ ಮೇಲೆ ಬಗ್ಗಿ ಅತ್ತಳು. “ಅಮ್ಮನ್ನ ಒರೆಸಿಹಾಕಿಬಿಟ್ಟ ಕಣೇ ಚೆಲೊ.” ಆ ಪ್ರಿಚರ್ಡ್ ಸಿಕ್ಕಿದ್ದರೆ ನನ್ನ ಮುಚ್ಚಳದಿಂದ ಅವನ ಬೆರಳು ಕಚ್ಚಿಹಾಕುತ್ತಿದ್ದೆ.

ಮಿಲಾ ಅಳುತ್ತ ಕೂರುವ ಪೈಕಿ ಅಲ್ಲ. ಮರುದಿನ ಪೇಟೆಯಿಂದ ಕಪ್ಪು ಪೆನ್ಸಿಲ್ ತಂದಳು. ಸ್ಟುಡಿಯೋದಲ್ಲಿ ವಾರವಿಡೀ ಕಮಾನು. ಭಾನುವಾರ ಮನೆಯಲ್ಲಿ ನನ್ನನ್ನು ತೆರೆದು, ಫೋಟೋ ನೋಡಿಕೊಂಡು, ತಾಯಿಯ ಹುಬ್ಬು ಬರೆದುಕೊಳ್ಳುವಳು. ಬಲಗಡೆಯದು ನೆಟ್ಟಗೆ ಬರುತ್ತಿತ್ತು. ಎಡಗಡೆಯದು ಪ್ರತಿ ಸಲ ಸೊಟ್ಟ. ಅವಳ ಕೈಯ ತಪ್ಪಲ್ಲ ಅದು, ನನ್ನ ಗಾಜಿನ ಅಲೆಯ ತಪ್ಪು; ಅಲ್ಲಿ ನೆಟ್ಟಗೆ ಕಂಡದ್ದು ಮುಖದ ಮೇಲೆ ಸೊಟ್ಟಗೆ ಬೀಳುತ್ತಿತ್ತು. ಹೇಳೋಣವೆಂದರೆ ಬಾಯಿಲ್ಲ.

“ಎಡಗಡೆದು ಮತ್ತೆ ಸೊಟ್ಟ ಕಣೇ” ಎಂದು ಚೆಲೊ ನಗುವಳು.

“ಇರಲಿ ಬಿಡೇ. ಅಮ್ಮ ಇಸ್ತ್ರಿ ಮಾಡ್ತಾ ಬೆವರು ಒರೆಸಿ ಒರೆಸಿ ಅವಳದೂ ಹೀಗೇ ಆಗ್ತಿತ್ತು.”

ನಾನು ಒಳಗೊಳಗೇ ನಾಚುತ್ತಿದ್ದೆ.

ಹತ್ತು ವರ್ಷದಲ್ಲಿ ಇಪ್ಪತ್ತೆರಡು ಚಿತ್ರ. ಕೋಟ್ಯಧೀಶನ ಹೆಂಡತಿ, ಬೇಹುಗಾರ್ತಿ, ರಾಜಕುಮಾರಿ, ಮತ್ತೆ ಕೋಟ್ಯಧೀಶನ ಹೆಂಡತಿ. ದೇಶದ ಹೆಂಗಸರೆಲ್ಲ ಹುಬ್ಬು ಕಿತ್ತುಕೊಂಡು ಲೋರಾ ವೇಲ್ ಕಮಾನು ಬರೆದುಕೊಂಡರು. ಪತ್ರಿಕೆಯಲ್ಲಿ ಅದನ್ನು ನೋಡಿದಾಗಲೆಲ್ಲ ಮಿಲಾಳ ಮುಖ ಸಪ್ಪಗಾಗುತ್ತಿತ್ತು.

ಆಮೇಲೆ ಗಣಿ ಊರಿನ ಅಗಸಗಿತ್ತಿಯ ಕಥೆಯೊಂದು ಸ್ಟುಡಿಯೋಗೆ ಬಂತು. ಮಿಲಾ ಕಾಡಿ ಬೇಡಿ ಆ ಪಾತ್ರ ಗಿಟ್ಟಿಸಿಕೊಂಡಳು. ಮೊದಲ ದಿನ ಮನೆಯಲ್ಲೇ, ನನ್ನ ಕನ್ನಡಿಯಲ್ಲೇ, ತಾಯಿಯ ಹುಬ್ಬು ಬರೆದುಕೊಂಡು, ನನ್ನನ್ನೂ ಎತ್ತಿಕೊಂಡು ಹೋದಳು. ಪ್ರಿಚರ್ಡ್ ದಾರಿಗೆ ಅಡ್ಡ ನಿಂತ.

“ನಕ್ಷೆಯಲ್ಲಿ ಹೀಗಿಲ್ಲ. ಒರೆಸು.”

“ಹಗಲೆಲ್ಲ ಬಟ್ಟೆ ಕುಕ್ಕೋಳು ಕಮಾನು ಬರ್ಕೊಂಡು ಕುಕ್ತಾಳೇನ್ರೀ? ನಾನು ಆ ಮನೇಲಿ ಹುಟ್ಟಿದೋಳು, ನನಗೆ ಹೇಳಿಕೊಡ್ತೀರಾ?”

“ನೀನು ಹುಟ್ಟಿದ್ದು ಈ ಕುರ್ಚಿಯಲ್ಲಿ” ಎಂದ ಪ್ರಿಚರ್ಡ್.

ಅವಳು ಒರೆಸಲಿಲ್ಲ. ಸ್ಟುಡಿಯೋ ಅವಳನ್ನು ಅಮಾನತಿನಲ್ಲಿಟ್ಟಿತು. ಆ ಅಮಾನತಿನಲ್ಲಿ ಒಂದು ಕುಯುಕ್ತಿ ಇತ್ತು. ಹೊರಗೆ ಕೂತ ಪ್ರತಿ ದಿನವನ್ನೂ ನಟಿ ಸ್ಟುಡಿಯೋಗೆ ಬರೆದುಕೊಟ್ಟ ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಒಪ್ಪಿದರೆ ಅವರ ಮುಖ, ಒಪ್ಪದಿದ್ದರೆ ಮುಗಿಯದ ಕರಾರು. ಎಷ್ಟೋ ನಟಿಯರು ಹೀಗೆ ಸೋತು ಒಳಗೆ ಹೋಗಿದ್ದರು. ಮಿಲಾ ಕೋರ್ಟಿಗೆ ಹೋದಳು. “ನಿನಗೆ ತಲೆ ಕೆಟ್ಟಿದೆ” ಎಂದರು ಗೆಳತಿಯರೆಲ್ಲ. ಚೆಲೊ ಒಬ್ಬಳು, “ಹೋಗು, ನಾನೂ ಬರ್ತೀನಿ” ಎಂದಳು. ಬಂದಳು, ನನ್ನನ್ನೂ ಹೊತ್ತುಕೊಂಡು.

ಕೋರ್ಟಿನಲ್ಲಿ ಸ್ಟುಡಿಯೋ ವಕೀಲ ಗೋಡೆಯ ನಕ್ಷೆಯನ್ನೇ ಕಿತ್ತು ತಂದಿದ್ದ. ಪ್ರಿಚರ್ಡ್ ಕಟಕಟೆಯಲ್ಲಿ ನಿಂತು, “ಈ ಮುಖ ನನ್ನ ಕೆಲಸ, ಸ್ವಾಮಿ. ನಾನು ಮಾಡೋಕೆ ಮುಂಚೆ ಇವಳನ್ನ ಯಾರೂ ತಿರುಗಿ ನೋಡ್ತಿರಲಿಲ್ಲ” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಪಾಪ. ನಿಜವಾಗಿಯೂ ಹಾಗೇ ನಂಬಿದ್ದ. ಮಿಲಾ ಆ ದಿನ ವಕೀಲರ ಮಾತು ಕೇಳಿ ಕಮಾನು ಬರೆದುಕೊಂಡೇ ಬಂದಿದ್ದಳು, ನ್ಯಾಯಾಧೀಶರಿಗೆ ಗುರುತು ಸಿಗಲಿ ಎಂದು. ಅವಳ ಸರದಿ ಬಂತು. ಎದ್ದು, ನನ್ನನ್ನು ಕಟಕಟೆಯ ಮೇಲಿಟ್ಟು, ಮುಚ್ಚಳ ತೆಗೆದಳು.

“ಸ್ವಾಮಿ, ಇವರು ಮಾಡಿದ್ದನ್ನ ಇವರಿಗೇ ವಾಪಸ್ ಕೊಡ್ತೀನಿ.”

ಕೋಲ್ಡ್ ಕ್ರೀಮ್ ಬಳಿದುಕೊಂಡು ಕರವಸ್ತ್ರದಿಂದ ಒಂದೇ ಸಲ ಹಣೆ ಒರೆಸಿದಳು. ಕಮಾನು ಹೋಯಿತು. ದೇಶವೆಲ್ಲ ಕಂಡ ಮುಖದ ಮೇಲೆ ಹುಬ್ಬೇ ಇಲ್ಲ! ಅವಳು ಕರವಸ್ತ್ರವನ್ನು ಮಡಿಸಿ ಪ್ರಿಚರ್ಡ್‌ನ ಮುಂದಿಟ್ಟಳು. “ತಗೊಳ್ಳಿ. ನಿಮ್ಮ ಕೆಲಸ ಇಷ್ಟು. ಮಿಕ್ಕಿದ್ದೆಲ್ಲ ನಮ್ಮಮ್ಮಂದು.” ಆಮೇಲೆ ಅಷ್ಟೂ ಜನರೆದುರು, ಅವಸರವಿಲ್ಲದೆ, ನನ್ನ ಕನ್ನಡಿಯಲ್ಲಿ ನೋಡಿಕೊಂಡು ದಪ್ಪ ಹುಬ್ಬು ಬರೆದುಕೊಂಡಳು. ಎಡಗಡೆಯದು ಸೊಟ್ಟ. ಅದೇ ಸೊಟ್ಟ ಹುಬ್ಬಿನಲ್ಲಿ ಸಾಕ್ಷಿ ಹೇಳಿದಳು. ಆ ದಿನ ನಾನು ಬೀಟೆಯಾಗಿ ಹುಟ್ಟಿದ್ದಕ್ಕೆ ಎಷ್ಟು ಹೆಮ್ಮೆಪಟ್ಟೆನೆಂದರೆ, ಕೀಲು ಸಡಿಲವಾಯಿತೇನೋ ಅನ್ನಿಸಿತು.

ತೀರ್ಪು ಅವಳ ಕಡೆ ಆಯಿತು. ಕರಾರು ಹರಿಯಿತು. ಅದರ ಮರುದಿನದಿಂದ ಟೆಲಿಫೋನ್ ಬಾಯಿ ಮುಚ್ಚಿಕೊಂಡಿತು. ಯಾವ ಸ್ಟುಡಿಯೋದವರೂ ಕರೆಯಲಿಲ್ಲ. ಅಗಸಗಿತ್ತಿಯ ಪಾತ್ರವನ್ನು ಬೇರೊಬ್ಬಳು ಮಾಡಿದಳು, ಕಮಾನಿಟ್ಟುಕೊಂಡು. ಮಿಲಾ ನಾಟಕದವರ ಜೊತೆ ಊರೂರು ತಿರುಗಿದಳು. ನಾನು ಬಸ್ಸಿನ ಟಾಪಿನ ಮೇಲೆ, ರೈಲಿನ ಸೀಟಿನ ಕೆಳಗೆ. ಒಂದು ಮೂಲೆ ಒಡೆಯಿತು, ಆನೆಯ ಬಾಲ ಉದುರಿತು. ಆಮೇಲೆ ಟೆಲಿವಿಷನ್ನಿನಲ್ಲಿ ಅತ್ತೆ, ನರ್ಸು, ಪಕ್ಕದ ಮನೆಯಾಕೆ. ಎಲ್ಲೂ ಹುಬ್ಬು ಬೇರೆಯವರ ಕೈಗೆ ಕೊಡಲಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ಹೊಸ ನಿರ್ದೇಶಕಿಯೊಬ್ಬಳು ಹುಡುಕಿಕೊಂಡು ಬಂದು, ಗಣಿ ಊರಿನ ಮುದುಕಿಯ ಪಾತ್ರ ಕೊಟ್ಟಳು. “ಹುಬ್ಬು?” ಎಂದು ಮಿಲಾ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. “ನಿಮ್ಮದು, ನಿಮ್ಮಿಷ್ಟ” ಎಂದಳು ಆ ಹುಡುಗಿ. ಮಿಲಾ ಮನೆಗೆ ಬಂದು ಕುಣಿದಳು. ಮೊಣಕಾಲು ಹಿಡಿದುಕೊಂಡಿತು, ಅದು ಬೇರೆ ಮಾತು.

ಕೊನೆಕೊನೆಗೆ ಅವಳಿಗೆ ಒಂದೇ ಚಿಂತೆ. ಆ ದೇಶದಲ್ಲಿ ಸತ್ತವರಿಗೂ ಬಣ್ಣ ಹಚ್ಚುತ್ತಾರೆ, ಗೊತ್ತೇನು? ಹೆಣಕ್ಕೆ ತುಟಿಗೆಂಪು, ಪೌಡರು, ಎಲ್ಲ ಮಾಡಿ ಶವಪೆಟ್ಟಿಗೆ ತೆರೆದಿಟ್ಟು ಜನಕ್ಕೆ ತೋರಿಸುತ್ತಾರೆ. “ನೋಡ್ತಿರು ಚೆಲೊ, ನಾನು ಎದ್ದು ಜಗಳ ಆಡೋಕಾಗದೆ ಇರೋ ದಿನ ಬಂದು ಕಮಾನು ಬರೀತಾರೆ.”

“ನಾನು ಇರ್ತೀನಲ್ಲ. ಬರೀಲಿ ನೋಡೋಣ.”

“ನಿನಗೆ ಕಣ್ಣೇ ಕಾಣಲ್ಲ.”

“ನಿನ್ನ ಮೂತಿ ನೋಡೋಕೆ ನನಗೆ ಕಣ್ಣು ಬೇಕಾ?”

ಒಂದು ಮಾರ್ಚಿನಲ್ಲಿ ಮಿಲಾ ತೀರಿಕೊಂಡಳು. ಅಂತ್ಯಕ್ರಿಯೆಯವರು ಹಳೆಯ ಫೋಟೋ ಬೇಕೆಂದು ಸಿಲ್ವರ್‌ಗೇಟಿಗೆ ಫೋನು ಮಾಡಿದರಂತೆ. ಫೋಟೋ ಹಿಡಿದು ಪ್ರಿಚರ್ಡ್ ತಾನೇ ಬಂದ. ಚೆಲೊ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು, ಎರಡು ಬಸ್ಸು ಬದಲಾಯಿಸಿ ಓಡಿಬರುವಷ್ಟರಲ್ಲಿ ಅವನ ಕೆಲಸ ಮುಗಿದಿತ್ತು. ಎಪ್ಪತ್ತೈದು ದಾಟಿದ ಮುದುಕ. ಕೈ ಮಾತ್ರ ಮೊದಲಿನಷ್ಟೇ ಸ್ಥಿರ. ಮಿಲಾಳ ಹಣೆಯ ಮೇಲೆ ದಾರದಂಥ ಎರಡು ಕಮಾನು. ಹೊರಗೆ ಜನ ಸಾಲು ನಿಂತಿದ್ದರು, ಪತ್ರಿಕೆಯವರು ಕ್ಯಾಮೆರಾ ಹಿಡಿದಿದ್ದರು, ಬಾಗಿಲು ತೆಗೆಯಲು ಕಾಲು ಗಂಟೆ.

“ಒರೆಸಿ ಅದನ್ನ” ಎಂದಳು ಚೆಲೊ.

“ಜನ ಬಂದಿರೋದು ಈ ಮುಖ ನೋಡೋಕೆ, ಚೆಲೊ. ನಾನು ಅವಳಿಗೆ ಕೊಟ್ಟ ಮುಖ.” ಮುದುಕನ ಕಣ್ಣು ತುಂಬಿತ್ತು. “ಅಷ್ಟು ಒಳ್ಳೆ ಕೆಲಸ ನಾನು ಇನ್ನೊಂದು ಮಾಡಿಲ್ಲ.”

“ಕೊಟ್ಟಿದ್ದನ್ನ ಅವಳು ಕೋರ್ಟಲ್ಲೇ ವಾಪಸ್ ಕೊಟ್ಟಾಯ್ತು. ಸರೀರಿ ಆಚೆ.”

ಚೆಲೊ ನನ್ನನ್ನು ಮಿಲಾಳ ಎದೆಯ ಪಕ್ಕದಲ್ಲಿಟ್ಟು ತೆರೆದಳು. ಕ್ರೀಮು ತೆಗೆದು ಹೆಬ್ಬೆರಳಿನಿಂದ ಒಂದು ಕಮಾನು ಒರೆಸಿದಳು, ಇನ್ನೊಂದನ್ನೂ ಒರೆಸಿದಳು. ತಳದಲ್ಲಿದ್ದ ಪೆನ್ಸಿಲ್ ಮೋಟನ್ನು ತಡಕಿ ತೆಗೆದಳು. ಪೊರೆ ಬಂದ ಕಣ್ಣು, ನಡುಗುವ ಕೈ. ಬಲಗಡೆಯದು ಹೇಗೋ ನೆಟ್ಟಗೆ ಬಂತು. ಎಡಗಡೆಯದು ಜಾರಿತು.

ಪ್ರಿಚರ್ಡ್ ತಡೆಯಲಾರದೆ ಕೈ ಚಾಚಿದ. “ಇಲ್ಲಿ ಕೊಡು, ಅದೊಂದು ಸರಿ ಮಾಡ್ತೀನಿ. ದಮ್ಮಯ್ಯ ಅಂತೀನಿ.”

“ಮುಟ್ಟಬೇಡಿ! ಅವಳು ಬರೆದಾಗಲೂ ಎಡಗಡೆದು ಸೊಟ್ಟಗೇ ಇರ್ತಿತ್ತು. ಅದೇ ಸರಿ.”

ಪ್ರಿಚರ್ಡ್ ನನ್ನ ಮೂಲೆಯಲ್ಲಿದ್ದ ಅಗಸಗಿತ್ತಿಯ ಫೋಟೋ ನೋಡಿದ. ಶವಪೆಟ್ಟಿಗೆಯಲ್ಲಿ ಮಲಗಿದ್ದವಳನ್ನು ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡ. ಬಾಗಿಲು ತೆರೆಯಿತು. ಮರುದಿನದ ಪತ್ರಿಕೆಯಲ್ಲಿ ಬಂದದ್ದು ಸೊಟ್ಟ ಹುಬ್ಬಿನ ಮಿಲಾ.

ಚೆಲೊ ಹೋದ ಮೇಲೆ ಅವಳ ಮೊಮ್ಮಗಳು ನನ್ನನ್ನು ಈ ಸಿನಿಮಾ ವಸ್ತುಸಂಗ್ರಹಾಲಯಕ್ಕೆ ಕೊಟ್ಟಳು. ಮುಚ್ಚಳ ತೆರೆದಿಟ್ಟಿದ್ದಾರೆ, ಫೋಟೋ ಮೂಲೆಯಲ್ಲೇ ಇದೆ, ಪೆನ್ಸಿಲ್ ಮೋಟೂ ಇದೆ. ಎಂಬತ್ತು ವರ್ಷ ದಾಟಿದೆ ನನಗೆ. ಇನ್ನು ಯಾರೂ ನನ್ನನ್ನು ಎತ್ತಿಕೊಂಡು ಓಡುವುದಿಲ್ಲ. ಆ ಗಾಜಿನ ಅಲೆಗಾಗಿ ಎಷ್ಟು ವರ್ಷ ಒಳಗೊಳಗೇ ನಾಚಿಕೆಪಟ್ಟೆ! ಈಗ ಇಲ್ಲ. ಖಾದರ್ ಸಾಹೇಬರೇ, ನೀವು ರೈಲಿನ ಅವಸರದಲ್ಲಿ ಬಿಟ್ಟದ್ದನ್ನು ಒಬ್ಬಳು ಸಾಯುವ ತನಕ ಹೊತ್ತು ಮೆರೆದಳು. ನಿಮ್ಮ ಕೈಗೆ ನನ್ನ ಸಲಾಮು.

ನೋಡಲು ಬಂದ ಹೆಂಗಸರು ಬಗ್ಗಿ ನನ್ನ ಕನ್ನಡಿಯಲ್ಲಿ ಇಣುಕುತ್ತಾರೆ. ಎಡಹುಬ್ಬು ಸೊಟ್ಟಗೆ ಕಾಣುತ್ತದೆ. ಗಾಬರಿಯಾಗಿ ಬೆರಳು ಹುಬ್ಬಿಗೆ ಹೋಗುತ್ತದೆ, ತೀಡಿ ಸರಿಮಾಡಿಕೊಳ್ಳಲು. ಗಾಜಿನ ಒಳಗಿಂದ ನಾನು ಕೂಗುತ್ತೇನೆ: ಮುಟ್ಟಬೇಡ ಕಣಮ್ಮ, ಮುಟ್ಟಬೇಡ. ಅದೇ ಸರಿ!