ಹೂಂಗುಟ್ಟದ ತರಗತಿ

ಬೆಟ್ಟದ ಮಕ್ಕಳಿಗಾಗಿಯೇ ಕಟ್ಟಿದ ಆ ವಸತಿಶಾಲೆಯಲ್ಲಿ ಬೆಟ್ಟದ ಮಾತಿಗೆ ಮಾತ್ರ ಪ್ರವೇಶವಿರಲಿಲ್ಲ. ವಾರಕ್ಕೊಂದು ಕತೆಯ ತರಗತಿಯನ್ನಾದರೂ ಮಕ್ಕಳ ಮನೆಮಾತಿನಲ್ಲಿ ನಡೆಸಬೇಕೆಂದು ಟೀಚರ್ ಹೆಡ್‌ಮಾಸ್ತರರ ಬೆನ್ನು ಹತ್ತಿದ್ದರು. ತಾವೂ ಆ ಮಾತನ್ನು ತೊದಲುವಷ್ಟು ಕಲಿತಿದ್ದರು. ಅವಸರಕ್ಕೆ ಕಾರಣ ಗುಬ್ಬಿ. ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಆ ಪುಟ್ಟ ಹುಡುಗಿಯ ಅಜ್ಜಿ ಹೇಳಿಕಳುಹಿಸಿದ್ದಳು: ನಮ್ಮ ಕತೆಗೆ ಜಾಗವಿಲ್ಲದ ಕಡೆ ನಮ್ಮ ಕೂಸಿಗೂ ಜಾಗ ಬೇಡ, ಕರೆದೊಯ್ಯುತ್ತೇನೆ. ಟೀಚರ್ ಆ ಅಜ್ಜಿಯನ್ನೇ ಕತೆ ಹೇಳಲು ಆಹ್ವಾನಿಸಿದರು.

"ಆಗ್ಲಿ ಮೇಡಂ, ಕರೆಸಿ," ಎಂದರು ಹೆಡ್‌ಮಾಸ್ತರರು. "ಆದ್ರೆ ಕ್ಲಾಸು ಸಂತೆ ಆಗ್ಬಾರದು. ನಾನೇ ಬಂದು ಕೂರ್ತೀನಿ. ಗದ್ದಲ ಕೇಳಿಸ್ತೋ, ಕತೆ ಅಲ್ಲಿಗೇ ಮುಗೀತು."

ಆ ಭಯದಿಂದಲೇ ಟೀಚರ್ ಮಕ್ಕಳನ್ನು ಸಿದ್ಧಗೊಳಿಸಿದರು. "ಅಜ್ಜಿ ಹೇಳೋವಾಗ ಯಾರೂ ತುಟಿ ಪಿಟಕ್ ಅನ್ನಬಾರದು. ಎಲ್ಲಿ ಬೆರಳು?"

ಬೆರಳುಗಳೆಲ್ಲ ತುಟಿಯ ಮೇಲೇರಿದವು. ಗುಬ್ಬಿ ಮಾತ್ರ ಎದ್ದು ನಿಂತಳು. "ಟೀಚರ್, ಆದ್ರೆ ನಮ್ಮಜ್ಜಿ ಹೇಳೋವಾಗ..."

"ಆದ್ರೆ ಗೀದ್ರೆ ಇಲ್ಲ. ಬೆರಳು!"

ಹಿರಿಯರ ನುಡಿಯ ಮುಂದೆ ಮೌನವೇ ಪರಮ ಗೌರವವೆಂದು ಟೀಚರ್ ನಂಬಿದ್ದರು. ಅವರು ಓದಿದ ಪಾಠಶಾಲೆಯಲ್ಲಿ ಗುರುಗಳೆದುರು ಕೆಮ್ಮುವುದೂ ಅಪಚಾರವಾಗಿತ್ತು.

ಅಜ್ಜಿ ಬಂದಳು. ಕುರ್ಚಿಯನ್ನು ಬದಿಗೆ ಸರಿಸಿ ನೆಲದ ಮೇಲೆ ಕುಳಿತು, "ಅಷ್ಟೆತ್ತರದಿಂದ ಹೇಳಿದ್ರೆ ಕತೆ ಬಿದ್ದು ಕಾಲು ಮುರ್ಕೊಳ್ಳುತ್ತೆ," ಎಂದು ನಕ್ಕಳು. ಬಳಿಕ ತನ್ನ ಮಾತಿನಲ್ಲಿ ಆರಂಭಿಸಿದಳು: "ಒಂದಾನೊಂದು ಹೊಳೆಗೆ ದಾರಿ ತಪ್ಪಿಹೋಯ್ತಂತೆ."

"ಹೂಂ," ಎಂದಿತು ಒಂದು ಸಣ್ಣ ದನಿ. ಗುಬ್ಬಿಯದು.

ಹಿಂದಿನ ಸಾಲಿನಲ್ಲಿ ಹೆಡ್‌ಮಾಸ್ತರರು ಗಂಟಲು ಸರಿಪಡಿಸಿಕೊಂಡರು. ಟೀಚರ್ ಕಣ್ಣು ಕೆಂಪಗೆ ಮಾಡಿ ತುಟಿಗೆ ಬೆರಳಿಟ್ಟರು. ಗುಬ್ಬಿ ತಲೆ ತಗ್ಗಿಸಿದಳು.

ಅಜ್ಜಿ ಕಾದಳು. ಅದೇ ಸಾಲನ್ನು ಮತ್ತೊಮ್ಮೆ ಹೇಳಿ ಮತ್ತೂ ಕಾದಳು. ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು.

"ಮುಂದೆ ಹೇಳಿ ಅಜ್ಜಿ. ಎಲ್ಲರೂ ಕೇಳ್ತಿದಾರೆ," ಎಂದರು ಟೀಚರ್.

"ಯಾರು ಕೇಳ್ತಿದಾರೆ ತಾಯಿ? ಒಬ್ಬರೂ ಹೂಂ ಅಂತಿಲ್ಲ. ಒಂದು ಸಾಲು ನಂದು, ಒಂದು ಹೂಂ ಅವರದು. ಹಾಗಲ್ವಾ ಕತೆ ನಡೆಯೋದು? ಬಾಯಿ ಮುಚ್ಕೊಂಡು ಕೂರೋದು ನಾವು ಹೆಣದ ಮುಂದೆ." ಅವಳ ದನಿಯಲ್ಲಿ ಕೋಪವಿರಲಿಲ್ಲ. "ಹೂಂ ಅಂದಿದ್ದು ಒಂದೇ ಕೂಸು, ಅದರ ಬಾಯೂ ಕಟ್ಟಿದ್ರಿ. ಗುಬ್ಬೀ, ನಿನ್ನ ಪೆಟ್ಟಿಗೆ ತಗೊಂಡು ಬಾ."

"ಶಿಸ್ತಿಗೇನೂ ಕೊರತೆ ಇರ್ಲಿಲ್ಲ ಬಿಡಿ ಮೇಡಂ," ಎಂದು ಹೆಡ್‌ಮಾಸ್ತರರು ಮೆಚ್ಚುಗೆಯಿಂದಲೇ ನುಡಿದರು. ಟೀಚರಿಗೆ ನೆಲ ಬಾಯ್ಬಿಟ್ಟು ತಮ್ಮನ್ನು ನುಂಗಬಾರದೇ ಎನಿಸಿತು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅಜ್ಜಿ, ಮೊಮ್ಮಗಳು, ನಡುವೆ ತಗಡಿನ ಪೆಟ್ಟಿಗೆ. ಏದುಸಿರು ಬಿಡುತ್ತ ಬಂದ ಟೀಚರ್ ಬೆಂಚಿನ ಮುಂದೆ ನೆಲದ ಮೇಲೆಯೇ ಕುಳಿತರು. ಕಾಯುತ್ತಿದ್ದ ಜನ ತಿರುಗಿ ನೋಡಿದರು.

"ಗುಬ್ಬಿ, ಮೊದಲೇ ಹೇಳಬಾರದಿತ್ತಾ?" ಎಂದವರು, ಮಾತು ಬಾಯಿಂದ ಜಾರುತ್ತಲೇ ನಾಲಿಗೆ ಕಚ್ಚಿಕೊಂಡರು. ಹೇಳಲು ಎದ್ದವಳ ಬಾಯಿ ಮುಚ್ಚಿಸಿದ್ದು ತಾವೇ.

"ಅಜ್ಜಿ, ಆ ಹೊಳೆ ಏನಾಯ್ತು?" ಎಂದು ಕೇಳಿದರು.

ಅಜ್ಜಿ ರಸ್ತೆಯಿಂದ ಕಣ್ಣು ತೆಗೆದು ಟೀಚರತ್ತ ತಿರುಗಿದಳು. "ದಾರಿ ತಪ್ಪಿದ ಹೊಳೆ ಒಂದು ಬಂಡೇನ ಕೇಳ್ತಂತೆ..."

"ಹೂಂ!" ಎಂದರು ಟೀಚರ್.

"ಅಯ್ಯೋ, ಕುಕ್ಕರ್ ಕೂಗಿದ ಹಾಗೆ ಕೂಗ್ತೀರಲ್ಲ! ನನ್ನ ಉಸಿರು ಇಳೀಲಿ. ಆಮೇಲೆ ಮೆಲ್ಲಗೆ."

ಗುಬ್ಬಿಗೆ ನಗು ತಡೆಯಲಾಗಲಿಲ್ಲ. ಟೀಚರ್ ಮತ್ತೆ ಪ್ರಯತ್ನಿಸಿ ಮತ್ತೆ ತಪ್ಪಿದರು. ಮೂರನೆಯ ಸಲ ಗುಬ್ಬಿಯೂ ದನಿಗೂಡಿಸಿದಳು. ಅಷ್ಟರಲ್ಲಿ ಬಸ್ಸು ಬಂದಿತು.

ಅಜ್ಜಿ ಎದ್ದಳು, ಪೆಟ್ಟಿಗೆಯನ್ನು ಎತ್ತಲಿಲ್ಲ. "ಮುಂದಿನ ವಾರ ಬರ್ತೀನಿ. ಅಲ್ಲಿವರೆಗೆ ಇವಳು ಇಲ್ಲೇ ಇರ್ಲಿ, ನಿಮಗೆ ಕಲಿಸೋಕೆ. ಆಗಲೂ ಆ ಕೋಣೆ ಹೀಗೇ ಸತ್ತು ಬಿದ್ದಿದ್ರೆ, ಇಬ್ಬರೂ ಒಂದೇ ಬಸ್ಸಿಗೆ ಹೊರಡ್ತೀವಿ."

ಪೆಟ್ಟಿಗೆಯನ್ನು ಟೀಚರೇ ಹೊತ್ತರು. ದಾರಿಯುದ್ದಕ್ಕೂ ಗುಬ್ಬಿ ಹೊಳೆಯ ಕತೆಯನ್ನು ಮುಂದುವರಿಸಿದಳು. ಟೀಚರ್ ತಡವರಿಸುತ್ತ ಹೂಂಗುಟ್ಟಿದರು. ಶಾಲೆಯ ಗೇಟು ಕಂಡಿತು. ಹುಡುಗಿ ಕತೆಯ ಸಾಲಿನ ನಡುವೆಯೇ ಥಟ್ಟನೆ ನಿಂತಳು. ಯಾರೂ ಹೇಳದೆಯೇ ಅವಳ ಬೆರಳು ತುಟಿಯ ಮೇಲೇರಿತು.

ಟೀಚರಿಗೆ ಮುಖವೆತ್ತಲಾಗಲಿಲ್ಲ. ಪೆಟ್ಟಿಗೆಯನ್ನು ಕೆಳಗಿಟ್ಟು, ಗೇಟಿನ ಹೊರಗೇ ನಿಂತು, ಮೆಲ್ಲಗೆ "ಹೂಂ" ಎಂದು ಕಾದರು.