ಒಂಬತ್ತನೇ ಗ್ರೀನಿನಲ್ಲಿ ನನ್ನ ಬಾಯಿ

ನಮ್ಮ ಮದುವೆಯಾಗಿ ನಲವತ್ನಾಲ್ಕು ವರ್ಷ. ಅದರಲ್ಲಿ ಅರ್ಧ ಆಯಸ್ಸನ್ನು ನಾನು ಬಾಯಿ ಮುಚ್ಚಿಕೊಂಡೇ ಕಳೆದಿದ್ದೇನೆ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಏನು ಮಾಡಲಿ, ಕಟ್ಟಿಕೊಂಡದ್ದು ಗಾಲ್ಫ್ ಆಡುವವರನ್ನು. ಒಬ್ಬರು ಚೆಂಡು ಹೊಡೆಯಲು ನಿಂತರೆ ಸುತ್ತ ಇರುವವರು ತುಟಿ ಪಿಟಕ್ಕೆನ್ನಬಾರದು, ಅದು ಆ ಆಟದ ಮಡಿ. ನಾನು ಪಕ್ಕದಲ್ಲಿ ಕೆಮ್ಮಿದರೂ ಇವರು, "ಶ್, ಅನಸೂಯಾ!" ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಬಂಗಾರವೇ ಜಾಸ್ತಿ.

ನಮ್ಮ ಯಜಮಾನರು ಬದರಿನಾಥ್ ಬೆಂಗಳೂರಿನಲ್ಲಿ ಬರಿಗಾಲಲ್ಲಿ ಸಾಹೇಬರ ಗಾಲ್ಫ್ ಚೀಲ ಹೊತ್ತೇ ಆಟ ಕಲಿತವರು. ಮೆಲ್ಬರ್ನ್‌ಗೆ ಬಂದು ಮೂವತ್ತು ವರ್ಷ ಅದನ್ನೇ ಊರವರಿಗೆಲ್ಲ ಕಲಿಸಿದರು. ಆಮೇಲೆ ಮೈದಾನಗಳ ನಕ್ಷೆ ಬರೆಯತೊಡಗಿದರು. ವಿಕ್ಟೋರಿಯಾ ರಾಜ್ಯದಲ್ಲಿ ಇವರು ಕಟ್ಟಿಸಿದ ಆರು ಸಣ್ಣ ಮೈದಾನಗಳಿವೆ. ನಾನು ಹೆತ್ತದ್ದು ಒಂದೇ, ನೀವು ಹೆತ್ತದ್ದು ಆರು ಎಂದು ಹಂಗಿಸುತ್ತಿರುತ್ತೇನೆ.

ಏಳನೆಯದು ಸಿಡ್ನಿಯಲ್ಲಿ, ಮಗಳು ಸಂಯುಕ್ತಾ ಇರುವ ಕೆಲ್ಲಿವಿಲ್‌ಗೆ ಹತ್ತಿರ. ಎಂಟು ಗ್ರೀನ್ ಮುಗಿದಿದ್ದವು. ಗ್ರೀನ್ ಎಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು. ಒಂಬತ್ತನೆಯದು ಬಾಕಿ ಇರುವಾಗ ಇವರ ಕಣ್ಣು ಕೈಕೊಟ್ಟಿತು. ಸುತ್ತಲಿನದು ಮಂಜುಮಂಜಾಗಿ ಕಾಣುತ್ತದೆ, ನೇರ ಏನನ್ನು ನೋಡುತ್ತಾರೋ ಅದೇ ಮಾಯ. ಇನ್ನು ಇಷ್ಟೇ ಎಂದರು ಡಾಕ್ಟರು.

"ಯಾರಿಗೂ ಹೇಳ್ಬೇಡ ಕಣೆ," ಎಂದರು ಇವರು, ಮೆಲ್ಬರ್ನಿನ ವಿಂಡಮ್ ವೇಲ್‌ನ ನಮ್ಮ ಅಡುಗೆಮನೆಯಲ್ಲಿ ಕೂತು. "ಕಣ್ಣಿಲ್ದೋನು ಕಟ್ಟಿದ್ದು ಅಂತ ಗೊತ್ತಾದ್ರೆ ಆ ಗ್ರೀನ್‌ನ ಯಾರ್ ನಂಬ್ತಾರೆ? ಕಿತ್ತು ಬೇರೆಯವರ ಕೈಲಿ ಮಾಡಿಸ್ತಾರೆ. ಇದೇ ನಂದು ಕೊನೇದು." ಮೊಮ್ಮಗಳು ಆದ್ಯಾಳ ಮೇಲೆ ಆಣೆ ಹಾಕಿಸಿಕೊಂಡರು. ಅಷ್ಟು ಹೆದರಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಸರಿ, ತಿಂಗಳಿಗೊಮ್ಮೆ ಫ್ಲೈಟ್ ಬುಕ್ ಮಾಡಿ ನಾನೂ ಜೊತೆಗೆ ಹೋದೆ. ಇವರು ಶೂ ಬಿಚ್ಚಿ ಬರಿಗಾಲಲ್ಲಿ ಆ ನೆಲದ ಮೇಲೆ ಅಡಿಅಡಿಯಾಗಿ ನಡೆಯುತ್ತಿದ್ದರು. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲ ಅಂಗಾಲಿಗೇ ತಿಳಿಯುತ್ತಿತ್ತು. ಇಲ್ಲಿ ಮಣ್ಣು ಹಾಕಿ, ಇಲ್ಲಿ ತೆಗೆಯಿರಿ ಎಂದು ಕೆಲಸದವರಿಗೆ ನಿಂತಲ್ಲೇ ಹೇಳುತ್ತಿದ್ದರು. ನಾನು ಮೊಣಕೈ ಹಿಡಿದಿರುತ್ತಿದ್ದೆ. ಕ್ಲಬ್ಬಿನ ಕ್ಯಾಪ್ಟನ್ ಹೆಂಗಸು ಒಂದು ದಿನ ಮೆಲ್ಲಗೆ ಕೇಳಿದಳು, ಇದು ನಿಮ್ಮ ಧರ್ಮದ ಪದ್ಧತಿಯೇ ಎಂದು. ಹೌದಮ್ಮ ಹೌದು, ಭೂಮಿತಾಯಿ, ಎಂದುಬಿಟ್ಟೆ. ಆಣೆ ಹಾಕಿದ ಮೇಲೆ ಇನ್ನೇನು ಹೇಳಲಿ?

ಮೈದಾನ ತೆರೆಯುವ ಶನಿವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಅಯ್ಯೋ ದೇವರೇ! ಒಂಬತ್ತನೇ ಗ್ರೀನಿನ ಅಂಚಿನಲ್ಲಿ ಕಲ್ಯಾಣಮಂಟಪದ ಬಾಗಿಲ ಮುಂದಿನ ಹಾಗೆ ಚಪ್ಪಲಿ, ಶೂಗಳ ಸಾಲು. ನನ್ನ ಮಾತು ನಂಬಿ ಐವತ್ತು ಜನ ಬರಿಗಾಲಲ್ಲಿ ಭಕ್ತಿಯಿಂದ ನಿಂತಿದ್ದಾರೆ. ನಗಬೇಕು ಅನ್ನುವಷ್ಟರಲ್ಲಿ ಕ್ಯಾಪ್ಟನ್ ಮೈಕಿನಲ್ಲಿ ಒಂದು ಮಾತು ಹೇಳಿದಳು. ಈ ಗ್ರೀನಿನ ಮೊದಲ ಚೆಂಡು ಇದನ್ನು ಕಟ್ಟಿದವರೇ ಹೊಡೆಯಬೇಕಂತೆ.

"ಗೋ, ತಾತಾ!" ಎಂದು ಆದ್ಯಾ ಚಪ್ಪಾಳೆ ತಟ್ಟಿದಳು. ಇವರು ನನ್ನ ಕೈ ಅದುಮಿ, "ಕುಳಿ ಎಲ್ಲಿದೆ?" ಎಂದರು.

"ಹದಿನೈದು ಹೆಜ್ಜೆ ದೂರ. ಹೋಗಿ ಕುಳೀಲಿರೋ ಬಾವುಟ ಹಿಡ್ಕೋತೀನಿ ರೀ."

"ಬಾವುಟ ಕಾಣಲ್ವಲ್ಲೇ. ನೀನು ಅಲ್ ನಿಂತ್ಕೊಂಡು ಮಾತಾಡು."

"ಏನ್ ಮಾತಾಡ್ಲಿ?"

"ಅದನ್ನೂ ನಿಂಗೆ ಹೇಳ್ಕೊಡ್ಬೇಕಾ?"

ಹೋಗಿ ನಿಂತೆ. ಐವತ್ತು ಜನ ಉಸಿರು ಬಿಗಿಹಿಡಿದಿದ್ದರು. ಇವರು ಕೋಲು ಹಿಡಿದು ಬಗ್ಗಿದರು. ನಾನು ಬಾಯಿ ತೆರೆದೆ. "ಬೆಳಿಗ್ಗೆ ಮಾತ್ರೆ ತಗೊಂಡಿಲ್ಲ ನೀವು, ಟೇಬಲ್ ಮೇಲೇ ಇತ್ತು. ಸ್ವೆಟರ್ ಕಾರಲ್ಲೇ ಬಿಟ್ಟಿದೀರ..."

"ಶ್!" ಎಂದಳು ಕ್ಯಾಪ್ಟನ್, ತುಟಿಗೆ ಬೆರಳಿಟ್ಟು.

ಇವರು ನೆಟ್ಟಗಾದರು. ದನಿ ಬಂದ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಅವಳನ್ನು ಸುಮ್ಮನಿರಿಸಬೇಡಿ. ನನಗೆ ಕಣ್ಣು ಕಾಣುವುದಿಲ್ಲ."

ಆಣೆ ಹಾಕಿಸಿ ಎಂಟು ತಿಂಗಳು ಮುಚ್ಚಿಟ್ಟಿದ್ದನ್ನು ನನ್ನ ಬಾಯಿ ಮುಚ್ಚಿಸಬಾರದೆಂದು ತಾವೇ ಬಯಲಿಗಿಟ್ಟರು ಮಹಾರಾಯರು.

"ಹಾಗಾದರೆ ಇದನ್ನು ಹೇಗೆ ಕಟ್ಟಿದಿರಿ?" ಕ್ಯಾಪ್ಟನ್ ಕೇಳಿದಳು.

"ಕಾಲಲ್ಲಿ. ನೀವೇ ತುಳಿದು ನೋಡಿ."

ಎಲ್ಲರೂ ತಮ್ಮ ತಮ್ಮ ಬರಿಗಾಲು ನೋಡಿಕೊಂಡರು. ಒಬ್ಬ ಮುದುಕ ಎರಡು ಹೆಜ್ಜೆ ಇಟ್ಟು ನಿಂತ, ಹಿಂದಕ್ಕೆ ಬಂದು ಮತ್ತೆ ಇಟ್ಟ. "ಹೌದು, ಇಲ್ಲಿ ಎಡಕ್ಕೆ ಎಳೆಯುತ್ತದೆ," ಎಂದ. ಇನ್ನೊಬ್ಬಳು ಹೌದೆಂದಳು. ಕ್ಯಾಪ್ಟನ್ ತಾನೂ ತುಳಿದು ನೋಡಿ, ಇದನ್ನು ಇನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದಳು. ಆಮೇಲೆ ನನ್ನತ್ತ ಕೈಮುಗಿದು, ಮಾತಾಡಿ ಎಂದು ಸನ್ನೆ ಮಾಡಿದಳು.

ಮಾತಾಡಿದೆ ನೋಡಿ! ನಲವತ್ನಾಲ್ಕು ವರ್ಷದ ಬಾಕಿಯೆಲ್ಲ ಆಡಿದೆ. ಇವರು ನನ್ನ ದನಿಗಿಂತ ತುಸು ಬಲಕ್ಕೆ ಹೊಡೆದರು. ಚೆಂಡು ಉರುಳುತ್ತಾ ಬಂತು, ಮುದುಕ ತೋರಿಸಿದ ಜಾಗದಲ್ಲೇ ಎಡಕ್ಕೆ ತಿರುಗಿತು, ನೇರ ಬಂದು ನನ್ನ ಹೆಬ್ಬೆರಳಿಗೆ ತಾಗಿ ನಿಂತಿತು. ದಡ್ಡಿ ನಾನು, ಕುಳಿಗೆ ಅಡ್ಡವೇ ನಿಂತಿದ್ದೆ.

"ಬಿತ್ತಾ?"

"ಇಲ್ಲ ರೀ. ನನ್ ಕಾಲಿಗ್ ಬಂತು."

"ಸರಿಯಾಗೇ ಬಂದಿದೆ ಬಿಡು."

ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಿಂತುಬಿಟ್ಟೆ. ಇವರು ಒಂದು ಕೈ ಮುಂದೆ ಚಾಚಿ ಅಲ್ಲೇ ಕಾಯುತ್ತಿದ್ದರು.

"ಯಾಕೆ ಸುಮ್ನಾದೆ, ಅನಸೂಯಾ? ಮಾತಾಡೇ. ನಾನು ಅಲ್ಲಿಗೆ ಬರ್ಬೇಕಲ್ಲ."