ಮರೆಮಂಜು ಬಿಡಿಸಿದ ಕೋಲು

ನಾನು ಒಂದು ಮಂತ್ರದ ಕೋಲು. ಹೀಗೆಂದ ಕೂಡಲೇ ಎಲ್ಲರೂ ನನ್ನ ತುದಿಯ ಕಡೆ ನೋಡುತ್ತಾರೆ, ಅಲ್ಲಿಂದ ಕಿಡಿಯೋ ನಕ್ಷತ್ರವೋ ಹಾರಬಹುದೆಂದು. ದಯವಿಟ್ಟು ಹಾಗೆ ನೋಡಬೇಡಿ, ನನಗೆ ಮುಜುಗರವಾಗುತ್ತದೆ. ನನ್ನಂಥವರನ್ನು ನೋಡಬೇಕಾದದ್ದು ಬುಡದ ಕಡೆ, ಕೈ ಹಿಡಿಯುವ ಜಾಗದಲ್ಲಿ.

ಏಳುಗಾಳಿ ಸೀಮೆಯ ಒಂದು ಅಂಕೋಲೆ ಮರದಲ್ಲಿ ನಾನು ಚಿಗುರಿದೆ. ಆ ದಿನಗಳ ನೆನಪು ಹೆಚ್ಚಿಲ್ಲ. ಗಾಳಿ ಬೀಸಿದಾಗಲೆಲ್ಲ ಏನೋ ಆಗಿಬಿಡುತ್ತದೆ ಅಂದುಕೊಳ್ಳುತ್ತಿದ್ದೆ, ಏನೂ ಆಗುತ್ತಿರಲಿಲ್ಲ. ಏನೂ ಆಗದಿದ್ದುದರಿಂದ ಧೈರ್ಯವೇನೂ ಬರಲಿಲ್ಲ. ಮುಂದಿನ ಗಾಳಿಗೆ ಮತ್ತೆ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಆಮೇಲೊಂದು ದಿನ ಕೋಲುಗಾರ ಚಿತ್ತಯ್ಯ ಮಚ್ಚು ಹಿಡಿದು ಬಂದ. ಕಡಿದ, ಸಿಪ್ಪೆ ಸುಲಿದ, ಬಹಳ ಕಾಲ ನೆರಳಿನಲ್ಲಿ ಒಣಗಿಸಿದ, ಹರಳೆಣ್ಣೆ ತಿಕ್ಕಿದ. ಮೊಳಕ್ಕಿಂತ ತುಸು ಉದ್ದ, ಹೆಬ್ಬೆರಳಿನಷ್ಟು ದಪ್ಪ, ನೋಡುವುದಕ್ಕೆ ಅಂಥ ಚಂದವೇನೂ ಇಲ್ಲದ ಕೋಲಾಗಿ ಅವನ ಜಗಲಿಯಲ್ಲಿ ಮಲಗಿದೆ.

ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂಬುದು ನನಗೆ ತಿಳಿದದ್ದು ಅದೇ ಜಗಲಿಯಲ್ಲಿ, ಚಿತ್ತಯ್ಯನ ಬಾಯಿಂದಲೇ. ರೇಷ್ಮೆ ಪೇಟದವನೊಬ್ಬ ಬಂದು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ:

“ಇದರೊಳಗೆ ಎಷ್ಟು ಶಕ್ತಿ ತುಂಬಿದ್ದೀಯಪ್ಪ?”

“ತುಂಬೋಕೆ ಇದೇನು ಉಪ್ಪಿನಕಾಯಿ ಜಾಡಿಯಾ ಸ್ವಾಮಿ? ಕೋಲು ಅಂದ್ರೆ ಬರೀ ಕಾಲುವೆ. ನಿಮ್ಮ ಮೈಯೊಳಗಿನ ಬಿಸಿ ಅಂಗೈಯಿಂದ ಇದಕ್ಕಿಳಿದು, ತುದಿ ಯಾವ ಕಡೆ ಇದೆಯೋ ಆ ಕಡೆ ಹೋಗುತ್ತೆ. ನಿಮ್ಮಲ್ಲಿ ಇದ್ದಷ್ಟು ಹರಿಯುತ್ತೆ.”

“ಹಂಗಾದ್ರೆ ಕೈ ತಣ್ಣಗಾಗಲ್ವಾ?”

“ಆಗುತ್ತೆ. ಆಮೇಲೆ ಬಿಸಿ ಗಂಜಿ ಕುಡೀಬೇಕು, ಒಲೆ ಮುಂದೆ ಕೂರಬೇಕು. ಅದಾಗಲ್ಲ ಅಂದ್ರೆ ಬೆಳ್ಳಿ ಕಟ್ಟಿದ ಊರುಗೋಲು ತಗೊಳ್ಳಿ. ನಿಮ್ಮ ಪೇಟಕ್ಕೂ ಒಪ್ಪುತ್ತೆ.”

ಪೇಟದವನು ಮುಖ ಊದಿಸಿಕೊಂಡು ಎದ್ದುಹೋದ.

ಇನ್ನೊಂದು ಮಾತನ್ನು ಚಿತ್ತಯ್ಯ ಕೊಳ್ಳುವವರಿಗೆಲ್ಲ ತಪ್ಪದೆ ಹೇಳುತ್ತಿದ್ದ. ಕೋಲು ಕೈ ಬದಲಾಯಿಸುವಾಗ ಕೊಡುವವರು ಅದರ ಮೇಲೆ ಕೈಯಿಟ್ಟು ಬಾಯಿಬಿಟ್ಟು “ಬಿಟ್ಟೆ” ಎನ್ನಬೇಕು. ತೆಗೆದುಕೊಳ್ಳುವವರು “ಹಿಡಿದೆ” ಎನ್ನಬೇಕು. ಬಿಟ್ಟೆ ಎನ್ನದೆ ಕೊಟ್ಟರೆ ಕೋಲು ಹೊಸಬರ ಕೈಯಲ್ಲಿ ಕುಣಿಯುತ್ತದೆ, ಆದರೆ ಬಿಸಿಯನ್ನು ಹಳಬರ ಮೈಯಿಂದಲೇ ಎಳೆಯುತ್ತದೆ. ಅವರು ಎಷ್ಟು ದೂರದಲ್ಲಿದ್ದರೂ ಸರಿ. ನಾವು ಬೇಕೆಂದು ಹಾಗೆ ಮಾಡುವುದಿಲ್ಲ. ಬಾಗಿಲು ಮುಚ್ಚದ ಮನೆಯೊಳಗೆ ಗಾಳಿ ಬರುವ ಹಾಗೆ, ಅಷ್ಟೇ.

ನನ್ನನ್ನು ಮೊದಲು ಹಿಡಿದವನು ಛತ್ರದ ಅಡುಗೆಯ ಶಿಂಗಪ್ಪಯ್ಯ. ಹೊತ್ತು ಮೀರಿ ಬಂದ ಪಯಣಿಗರಿಗೆ ಸಾರು ಬಿಸಿ ಮಾಡಿ ಬಡಿಸಲು ನಾನು ಬೇಕಾಗಿದ್ದೆ. ಸೌದೆ ಉಳಿಯಿತು, ಛತ್ರಕ್ಕೆ ಹೆಸರು ಬಂತು. ಆದರೆ ಶಿಂಗಪ್ಪಯ್ಯ ದಿನದಿನಕ್ಕೆ ಮರಗಟ್ಟಿದ. ಮೂಗು ನೀಲಿಯಾಯಿತು, ನಾಲಿಗೆಗೆ ಉಪ್ಪು ಹುಳಿ ತಿಳಿಯದಾಯಿತು. ಅವನ ಹೆಂಡತಿ ಪಂಕ್ತಿಯಲ್ಲಿ ಕೂತವರಿಗೆ ಕೇಳುವ ಹಾಗೆ, “ನಮ್ಮನೇಲಿ ಸಾರು ಬಿಸಿ, ಯಜಮಾನರು ತಂಗಳು” ಎಂದುಬಿಟ್ಟಳು. ಎಲ್ಲರೂ ನಕ್ಕರು. ಆ ಮಧ್ಯಾಹ್ನವೇ ಅವನು ನನ್ನನ್ನು ಒಂದು ದಪ್ಪ ಕಂಬಳಿಗೆ ಬದಲಾಯಿಸಿಕೊಂಡ. “ಬಿಟ್ಟೆ!” ಎಂದು ಅವನು ಕೂಗಿದ ಜೋರಿಗೆ ಸೂರಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ನನಗೆ ಬೇಸರವಾಗಲಿಲ್ಲ. ಬಿಡುವುದಾದರೆ ಹಾಗೆಯೇ ಬಿಡಬೇಕು.

ಕಂಬಳಿ ಕೊಟ್ಟು ನನ್ನನ್ನು ಪಡೆದವಳು ಗಾಳಿಬಾಗಿಲಿನ ಬೊಮ್ಮಕ್ಕ.

ಗಾಳಿಬಾಗಿಲು ಎಂದರೆ ಎರಡು ಬೆಟ್ಟಗಳ ನಡುವಿನ ಕಣಿವೆದಾರಿ. ಒಂದು ಮಗ್ಗುಲು ಬಂಡೆ, ಇನ್ನೊಂದು ಮಗ್ಗುಲು ಪ್ರಪಾತ. ಬೆಳಗಾದರೆ ಅಲ್ಲಿ ಮರೆಮಂಜು ಇಳಿಯುತ್ತದೆ. ಅದು ಕಣ್ಣಿಗೆ ಅಡ್ಡಬರುವ ಬರಿಯ ಮಂಜಲ್ಲ. ಅದರೊಳಗೆ ಹೊಕ್ಕವರು ಯಾವ ಕಡೆ ಹೊರಟಿದ್ದೆವೆಂಬುದನ್ನೇ ಮರೆಯುತ್ತಾರೆ. ಎತ್ತುಗಳು ನಡೆಯುವುದನ್ನು ಮರೆಯುತ್ತವೆ. ಮನುಷ್ಯರು ಮಾತ್ರ ನಡೆಯುತ್ತಲೇ ಇರುತ್ತಾರೆ, ಪ್ರಪಾತದ ಕಡೆಗಾದರೂ. ಉಪ್ಪು ಬೇಕೆಂದರೂ ಮದುವೆಯ ದಿಬ್ಬಣ ದಾಟಬೇಕೆಂದರೂ ಯಾರಾದರೂ ದಾರಿಯ ತುದಿಯ ಕಲ್ಲಿನ ಮೇಲೆ ನಿಂತು ಮಂಜು ಬಿಡಿಸಬೇಕು. ಬೊಮ್ಮಕ್ಕ ಆ ಕೆಲಸದವಳು.

ಅವಳ ಅಂಗೈ ಒರಟು. ಆದರೆ ಅವಳು ನನ್ನನ್ನು ಬಿಗಿಯಾಗಿ ಹಿಡಿದದ್ದೇ ಇಲ್ಲ. ಕೋಲನ್ನು ಮುಂದಕ್ಕೆ ಚಾಚಿ, ಜಡೆಯ ಸಿಕ್ಕು ಬಿಡಿಸುವವಳಂತೆ ನಿಧಾನವಾಗಿ ಆ ಕಡೆ ಈ ಕಡೆ ಆಡಿಸುತ್ತಿದ್ದಳು. ಅವಳ ಬಿಸಿ ನನ್ನೊಳಗೆ ಹರಿದುಹೋಗಿ ಮಂಜು ಎರಡು ಪಾಲಾಗುತ್ತಿತ್ತು. ನಡುವೆ ಒಂದು ಗಾಡಿಯ ಅಗಲದ ದಾರಿ. ಮುಗಿದ ಮೇಲೆ ಗಾಡಿಯವರು ಬಿಸಿ ನೀರಿನ ಚೊಂಬನ್ನು ತಂದು ಅವಳ ಕೈಗಿಡುವುದು ಅಲ್ಲಿನ ಪದ್ಧತಿ. ಚೊಂಬು ಕೊಡದೆ ದಾಟಿದವರ ಗಾಡಿ ಕೀಲು ಕಳಚುತ್ತದೆ ಎಂದು ನಂಬಿದ್ದರು. ನಾನು ನೋಡಿದ ಮಟ್ಟಿಗೆ ಯಾರದೂ ಕಳಚಲಿಲ್ಲ. ಕೊಡದವರೂ ಇರಲಿಲ್ಲವೆನ್ನಿ.

ವರ್ಷಗಳು ಹೋದವು. ಬೊಮ್ಮಕ್ಕನ ಮಗನಿಗೆ ಮದುವೆಯಾಯಿತು. ಅವನು ಉಪ್ಪಿನ ಗಾಡಿಗಳ ಜೊತೆ ಸಮುದ್ರದ ಕಡೆಗೆ ಹೋದರೆ ತಿಂಗಳುಗಟ್ಟಲೆ ಬರುವವನಲ್ಲ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆ ಚೆನ್ನಾಜಿ ಗಟ್ಟಿ ದನಿಯ, ಚುರುಕು ಕಾಲಿನ ಹುಡುಗಿ. ಅವಳು ಬಸುರಿಯಾದ ವರ್ಷವೇ ಬೊಮ್ಮಕ್ಕನ ಮಂಡಿ ಕೈಕೊಟ್ಟಿತು. ಕಲ್ಲು ಹತ್ತಲಾಗದಾಯಿತು. ಕೋಲನ್ನು ಸೊಸೆಗೆ ಕೊಡದೆ ಬೇರೆ ದಾರಿ ಇರಲಿಲ್ಲ.

ಆ ಬೆಳಿಗ್ಗೆಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಗಾಳಿ ಬಲವಾಗಿತ್ತು. ಗಾಡಿಯವರೆಲ್ಲ ದೂರದಲ್ಲಿ ಸಾಲಾಗಿ ನಿಂತಿದ್ದರು. ಬೊಮ್ಮಕ್ಕ ನನ್ನ ಮೇಲೆ ಕೈಯಿಟ್ಟಳು. ಸೊಸೆಯ ಹೊಟ್ಟೆಯ ಕಡೆ ಒಮ್ಮೆ ನೋಡಿದಳು. ತುಟಿ ಅಲ್ಲಾಡಿಸಿದಳು, ಮಾತು ಹೊರಡಿಸಲಿಲ್ಲ. ಗಾಳಿಯಲ್ಲಿ ತಮಗೆ ಕೇಳಿಸಲಿಲ್ಲವೆಂದು ಎಲ್ಲರೂ ಅಂದುಕೊಂಡರು. ಅವಳ ಅಂಗೈ ಕೆಳಗಿದ್ದ ನನಗೆ ಗೊತ್ತಿತ್ತು, ಅವಳು ಬಿಟ್ಟಿರಲಿಲ್ಲ.

“ಹಿಡಿದೆ!” ಎಂದಳು ಚೆನ್ನಾಜಿ, ಬೆಟ್ಟಕ್ಕೆ ಕೇಳುವ ಹಾಗೆ.

ಅವತ್ತು ಮಂಜು ಬಿಡಿಸಿ ಕೆಳಗಿಳಿದ ಚೆನ್ನಾಜಿ ತನ್ನ ಕೈಯನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಂಡಳು. ಬೆಚ್ಚಗಿತ್ತು. ಚೊಂಬು ತಂದ ಗಾಡಿಯ ಗೂಳಣ್ಣ ಬಾಯಿ ತೆರೆದು ನಿಂತ.

“ನಿನ್ನ ಕೈ ಕೆಂಡ ಕಣವ್ವ! ಈ ಚೊಂಬು ನಾನೇ ಇಟ್ಕೊಳ್ಳಲಾ? ನನಗೇ ಚಳಿ ಆಗ್ತಿದೆ.”

“ಇಟ್ಕೊಳ್ಳಣ್ಣ. ನಮ್ಮತ್ತೆಮ್ಮ ಇಷ್ಟು ವರ್ಷ ಸುಮ್ನೆ ಚಳಿ ಚಳಿ ಅಂತ ನಿಮ್ಮ ಹತ್ರ ಬಿಸಿನೀರು ಕಾಯಿಸ್ಕೊಂಡ್ರು ಅಂತ ಕಾಣುತ್ತೆ!”

ಮನೆಗೆ ಬಂದು ಅತ್ತೆಗೂ ಅದನ್ನೇ ಹೇಳಿ ನಕ್ಕಳು. ಒಲೆಯ ಮುಂದೆ ಕೂತಿದ್ದ ಬೊಮ್ಮಕ್ಕ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಅಂದಳು: “ಹರೇದ ಮೈ ಕಣೇ ನಿಂದು. ನಾನು ಮುದುಕಿ.”

ಕೂಸು ಹುಟ್ಟಿದ ಮೇಲೆ ಹೇಳಿದರಾಯಿತು ಎಂದು ಅವಳು ಅಂದುಕೊಂಡಿದ್ದಿರಬೇಕು. ಹೆಣ್ಣು ಕೂಸು ಹುಟ್ಟಿತು. ಆಮೇಲೆ, ಎದೆಹಾಲು ಕುಡಿಸುವವಳ ಮೈ ತಣ್ಣಗಾಗಬಾರದು. ಅದಾದ ಮೇಲೆ ಚಳಿಗಾಲ. ಹೀಗೆ ಒಂದಾದ ಮೇಲೊಂದು ನೆಪ ಸಿಗುತ್ತಲೇ ಹೋಯಿತು. ಅತ್ತ ಚೆನ್ನಾಜಿಗೆ ತನ್ನ ಕೈಯ ಮೇಲೆ ಹೆಮ್ಮೆ ಹೆಚ್ಚಿತು. ಮೊದಲೆಲ್ಲ ಹತ್ತಾರು ಗಾಡಿ ಸೇರುವ ತನಕ ಕಾಯುತ್ತಿದ್ದರು. ಅವಳು ಒಂಟಿ ಗಾಡಿಗೂ ಬಿಡಿಸಿದಳು, ಸೌದೆ ಹೊತ್ತವಳೊಬ್ಬಳು ಕೇಳಿದರೂ ಬಿಡಿಸಿದಳು. ಕೇಳಿದವರಿಗೆ ಇಲ್ಲವೆನ್ನುವ ಸ್ವಭಾವ ಅವಳದಲ್ಲ. ಆ ಒಳ್ಳೆಯತನ ಎಲ್ಲಿಂದ ಖರ್ಚಾಗುತ್ತಿದೆ ಎಂದು ಅವಳಿಗೆ ತಿಳಿಯದು.

ನನಗೆ ತಿಳಿದಿತ್ತು. ನನ್ನೊಳಗೆ ಹರಿಯುತ್ತಿದ್ದದ್ದು ಬೊಮ್ಮಕ್ಕನ ಬಿಸಿ. ಅದರ ಗುರುತು ನನಗೆ ತಪ್ಪಲು ಸಾಧ್ಯವೇ? ಮೊದಮೊದಲು ತುಂಬು ಹೊಳೆ. ಬರಬರುತ್ತ ಸಣ್ಣ ತೊರೆ. ಸಂಜೆ ಮನೆಗೆ ಬಂದು ಗೋಡೆಯ ಗೂಟಕ್ಕೆ ತೂಗುತ್ತ ಅವಳನ್ನೇ ನೋಡುತ್ತಿದ್ದೆ. ಎರಡು ಕಂಬಳಿ ಹೊದ್ದಿದ್ದರೂ ನಡುಗುತ್ತಿದ್ದಳು. ಉಗುರುಗಳು ನೇರಳೆಯ ಬಣ್ಣಕ್ಕೆ ತಿರುಗಿದ್ದವು. ಮೊಮ್ಮಗಳನ್ನು ಎತ್ತಿಕೊಂಡರೆ ಮಗುವಿಗೆ ತಣ್ಣಗಾದೀತೆಂದು ಮುಟ್ಟುವುದನ್ನೇ ಬಿಟ್ಟಳು. ಚೆನ್ನಾಜಿ ಕಷಾಯ ಕಾಸಿದಳು, ಎಣ್ಣೆ ತಿಕ್ಕಿದಳು, ಅಂಗಾಲಿಗೆ ಇಟ್ಟಿಗೆ ಕಾಯಿಸಿ ಇಟ್ಟಳು. “ನಿಮಗೆ ಯಾರ ಕಣ್ಣು ಬಿತ್ತೋ ಅತ್ತೆಮ್ಮ” ಎಂದು ಅತ್ತಳು. ಮರುದಿನ ಬೆಳಿಗ್ಗೆ ನನ್ನನ್ನು ಹಿಡಿದು ಮತ್ತೆ ಕಲ್ಲು ಹತ್ತಿದಳು. ಕೂಗಿ ಹೇಳಬೇಕೆನ್ನಿಸುತ್ತಿತ್ತು. ನನಗೆ ಬಾಯಿಲ್ಲ.

ಕೂಸು ನಡೆಯಲು ಕಲಿತ ವರ್ಷ ಮರೆಮಂಜು ಬಂದದ್ದು ಹೋಗಲೇ ಇಲ್ಲ. ಎಷ್ಟೋ ದಿನ ಬಿಡದೆ ಕವಿದು ಕೂತಿತು. ಬಿಡಿಸಿದಲ್ಲೇ ಮುಚ್ಚಿಕೊಳ್ಳುತ್ತಿತ್ತು. ಕಣಿವೆಯ ಆಚೆ ಉಪ್ಪಿನ ಗಾಡಿಗಳು, ಈಚೆ ಧಾನ್ಯದ ಗಾಡಿಗಳು, ಕಣ್ಣಿಗೆ ಕಾಣುವವರೆಗೂ ಸಾಲು. ಒಂದು ಬೆಳಿಗ್ಗೆ ಬೊಮ್ಮಕ್ಕನಿಗೆ ಗಂಜಿಯ ಬಟ್ಟಲು ಹಿಡಿಯಲಾಗಲಿಲ್ಲ. ಕಣ್ಣು ಅರೆತೆರೆದು ಬಿದ್ದುಕೊಂಡಿದ್ದಳು. ಚೆನ್ನಾಜಿ ಅವಳ ಬಳಿ ಪಕ್ಕದ ಮನೆಯವಳನ್ನು ಕೂರಿಸಿ, “ಇವತ್ತೊಂದು ದಿನ ಗಾಡಿಗಳನ್ನು ದಾಟಿಸಿಬಿಟ್ಟು ಬರ್ತೀನಿ, ಆಮೇಲೆ ವೈದ್ಯರ ಹತ್ರ ಕರ್ಕೊಂಡು ಹೋಗೋಣ” ಎಂದು ನನ್ನನ್ನು ಎತ್ತಿಕೊಂಡಳು.

ಕಲ್ಲಿನ ಮೇಲೆ ನಿಂತು ಅವಳು ನನ್ನನ್ನು ಚಾಚಿದಾಗ ನನ್ನೊಳಗೆ ಬಂದದ್ದು ನೂಲಿನೆಳೆಯಷ್ಟು ಬಿಸಿ. ಸಂಜೆಯವರೆಗೆ ಬಾರದೆಂದು ನನಗೆ ಸ್ಪಷ್ಟವಾಯಿತು. ಅದು ತೀರಿದರೆ ಬೊಮ್ಮಕ್ಕನೂ ತೀರಿದಂತೆ.

ಒಣಮರಕ್ಕೆ ತಾನಾಗಿ ಮಾಡಲು ಬರುವ ಕೆಲಸ ಒಂದೇ, ಬಿರಿಯುವುದು. ಬಿರಿದ ಕೋಲಿನಲ್ಲಿ ಏನೂ ಹರಿಯದು. ಆದರೆ ಆ ಗಳಿಗೆಯಲ್ಲೇ ಬಿರಿಯುವ ಹಾಗಿರಲಿಲ್ಲ. ದಾರಿಯ ಮೇಲೆ ಗಾಡಿಗಳಿದ್ದವು. ಗಾಡಿಗಳಲ್ಲಿ ಹೆಂಗಸರು, ಮಕ್ಕಳು. ಮಂಜು ಮುಚ್ಚಿದರೆ ಅವರು ಇಳಿದು ನಡೆಯುತ್ತಾರೆ, ಪ್ರಪಾತದ ಕಡೆಗೆ. ಅತ್ತ ಅವಳು, ಇತ್ತ ಇವರು. ನಾನು ಸ್ವಭಾವದಿಂದ ಹೆದರುಪುಕ್ಕಲು, ಆದರೂ ಅಂಥ ಹೆದರಿಕೆ ಅದಕ್ಕೆ ಮೊದಲು ಕಂಡಿರಲಿಲ್ಲ. ದಾರಿಯಲ್ಲಿರುವವರು ದಾಟಲಿ, ಮುಂದಿನ ಸಾಲು ಹೊಗುವ ಮೊದಲು ಬಿರಿಯುತ್ತೇನೆ ಎಂದು ತೀರ್ಮಾನಿಸಿದೆ.

ಒಂದೊಂದಾಗಿ ಗಾಡಿಗಳು ದಾಟಿದವು. ಕೊನೆಯದು ಗೂಳಣ್ಣನದು. ಅವನ ಎತ್ತು ನಡುದಾರಿಯಲ್ಲಿ ಮಲಗಿಬಿಟ್ಟಿತು.

“ಏಳೋ ಮಾವ! ಇದೇನು ನಿನ್ನ ಬೀಗರ ಮನೆ ಜಗಲಿಯಾ?”

ಎತ್ತು ಮೆಲುಕು ಹಾಕಿತು.

“ಬೇಗ ಗೂಳಣ್ಣ!” ಎಂದಳು ಚೆನ್ನಾಜಿ ನಗುತ್ತ. “ನಿಮ್ಮ ಮಾವನಿಗೆ ದಿಂಬು ತರಿಸಲಾ?”

ನಗುವ ಹೊತ್ತಾಗಿರಲಿಲ್ಲ ಅದು. ಎಳೆ ಇನ್ನೂ ಸಣ್ಣಗಾಯಿತು. ಇದೆಯೋ ಇಲ್ಲವೋ ಎನ್ನುವಷ್ಟು. ಇನ್ನು ಕಾಯಬಾರದು ಎಂದುಕೊಂಡೆ. ಗೂಳಣ್ಣನ ಮುಖ ನೋಡಿ ಕಾದೆ. ಮತ್ತೆ ಕಾಯಬಾರದು ಎಂದುಕೊಂಡೆ. ಗೂಳಣ್ಣ ಬಾಲ ತಿರುಚಿದ, ಎತ್ತು ಗೊಣಗುತ್ತ ಎದ್ದಿತು, ಗಾಡಿಯ ಹಿಂದಿನ ಚಕ್ರ ಬಯಲಿಗೆ ಉರುಳಿತು.

ಬಿರಿದೆ. ಬುಡದಿಂದ ತುದಿಯವರೆಗೆ, ಒಂದೇ ಸದ್ದಿಗೆ. ನೋವಾಯಿತೋ ಇಲ್ಲವೋ ನೆನಪಿಲ್ಲ. ಮಂಜು ದಪ್ಪನೆ ಮುಚ್ಚಿಕೊಂಡಿತು.

ಚೆನ್ನಾಜಿ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಬೈಯುತ್ತಲೇ ಮನೆಗೆ ಓಡಿದಳು. ಕಾದು ನಿಂತ ಸಾಲಿಗೆ ಏನು ಹೇಳುವುದು? ಆದರೆ ಹೊಸ್ತಿಲಲ್ಲೇ ಅವಳ ಕಾಲು ನಿಂತಿತು. ಬೊಮ್ಮಕ್ಕ ಗೋಡೆಗೆ ಒರಗಿ ಎದ್ದು ಕೂತಿದ್ದಳು. ಪಕ್ಕದ ಮನೆಯವಳು ಕೊಟ್ಟ ಗಂಜಿಯನ್ನು ತಾನೇ ಬಟ್ಟಲು ಹಿಡಿದು ಕುಡಿಯುತ್ತಿದ್ದಳು.

ಚೆನ್ನಾಜಿ ಹತ್ತಿರ ಹೋಗಿ ಆ ಕೈ ಮುಟ್ಟಿದಳು. ಉಗುರು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ನನ್ನ ಬಿರುಕನ್ನು. ದಡ್ಡಿಯಲ್ಲ ಅವಳು.

“ಅತ್ತೆಮ್ಮ, ಅವತ್ತು ಬಿಟ್ಟೆ ಅಂದ್ರಾ, ಇಲ್ವಾ?”

“ಗಾಳಿ ಇತ್ತಲ್ಲೇ.”

“ಗಾಳಿ ಮಾತು ಬೇಡ. ಅಂದ್ರಾ?”

ಬೊಮ್ಮಕ್ಕ ಬಟ್ಟಲು ಕೆಳಗಿಟ್ಟಳು. “ನಿನ್ನ ಹೊಟ್ಟೇಲಿ ಕೂಸಿತ್ತು ಕಣೇ.”

“ಕೂಸು ಈಗ ಓಡಾಡುತ್ತೆ! ನಾನು ದಿನಾ ನಿಮ್ಮನ್ನೇ ಸುಟ್ಟು ಊರೋರ ಹತ್ರ ಭೇಷ್ ಅನ್ನಿಸ್ಕೊಂಡೆನಲ್ಲ. ನಿಮ್ಮನ್ನೇ ಆಡಿಕೊಂಡು ನಕ್ಕೆನಲ್ಲ. ಸತ್ತೇ ಹೋಗಿದ್ದಿದ್ರೆ ನಾನು ಅದನ್ನ ಹೊತ್ಕೊಂಡು ಹೆಂಗೆ ಬದುಕಬೇಕಿತ್ತು? ಅದು ಯೋಚನೆ ಮಾಡಿದ್ರಾ ನೀವು?”

ಅದನ್ನು ಬೊಮ್ಮಕ್ಕ ಯೋಚಿಸಿರಲಿಲ್ಲ. ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಸೊಸೆಯ ಕೈ ಹಿಡಿದುಕೊಂಡಳು. ಪಕ್ಕದ ಮನೆಯವಳು ಮೆಲ್ಲನೆ ಎದ್ದುಹೋದಳು.

ಕಣಿವೆಗೆ ಹೊಸ ಕೋಲು ಬಂತು. ಚಿತ್ತಯ್ಯನ ಮಗಳು ಮಾಡಿಕೊಟ್ಟದ್ದು. ಚೆನ್ನಾಜಿಯೇ ಅದನ್ನು ಮೊದಲು ಹಿಡಿದವಳು. ಈಗ ಗಾಡಿಗಳು ಒಂದಷ್ಟು ಸೇರುವ ತನಕ ಕಾಯಬೇಕು. ಒಂಟಿ ಗಾಡಿಗೆ ಬಿಡಿಸುವುದಿಲ್ಲ. ಕೆಲವರು ಗೊಣಗುತ್ತಾರೆ, ಈಚೆಗೆ ಚೆನ್ನಾಜಿಗೆ ಕೊಬ್ಬು ಎನ್ನುತ್ತಾರೆ. ಗೂಳಣ್ಣ ಮತ್ತೆ ಚೊಂಬು ತರಲು ಶುರುಮಾಡಿದ್ದಾನೆ.

ನಾನು ಅಡುಗೆಮನೆಯಲ್ಲಿದ್ದೇನೆ. ರಾಗಿ ಮುದ್ದೆ ತಿರುವಲು ಬೊಮ್ಮಕ್ಕನಿಗೆ ನಾನು ಸರಿಹೊಂದಿದೆ. ಬಿರುಕಿಗೆ ದಾರ ಸುತ್ತಿದ್ದಾಳೆ, ಆದರೂ ಹಿಟ್ಟು ಒಳಗೆ ಸೇರಿಕೊಳ್ಳುತ್ತದೆ. ಮೊದಮೊದಲು ಅವಮಾನವೆನ್ನಿಸಿತ್ತು. ಈಗ ಬೇರೆ ಚಿಂತೆಗಳಿವೆ: ಹಿಟ್ಟು ಗಂಟಾದೀತು, ತಳ ಹಿಡಿದೀತು, ಮಗು ಒಲೆಯ ಹತ್ತಿರ ಬಂದೀತು. ಎಚ್ಚರವಾಗಿರುವವರಿಗೆ ಎಲ್ಲಿದ್ದರೂ ಕೆಲಸವುಂಟು.

ಇವತ್ತು ಚೆನ್ನಾಜಿ ಕಲ್ಲಿನಿಂದ ಇಳಿದು ಬಂದವಳೇ ಒಲೆಯ ಮುಂದೆ ಕುಕ್ಕರಿಸಿದಳು. ಹಲ್ಲು ಕಟಕಟಿಸುತ್ತಿತ್ತು.

“ಅಬ್ಬಾ, ಏನು ಚಳಿ ಅತ್ತೆಮ್ಮ! ಇಷ್ಟು ವರ್ಷ ಹೆಂಗೆ ತಡೆದ್ರಿ ನೀವು?”

“ಬಾಯಿ ಆಮೇಲೆ ಆಡು, ಮೊದಲು ಕೈ ಕೊಡು” ಎಂದಳು ಬೊಮ್ಮಕ್ಕ. ಮಡಕೆಯಿಂದ ನನ್ನನ್ನು ತೆಗೆದಿಟ್ಟು, ಬಿಸಿ ಮುದ್ದೆ ಕಟ್ಟಿ ಹಬೆಯಾಡುತ್ತಿದ್ದ ತನ್ನ ಎರಡೂ ಅಂಗೈಗಳ ನಡುವೆ ಸೊಸೆಯ ಕೈಗಳನ್ನು ಮುಚ್ಚಿ ಹಿಡಿದಳು. ಬಿಸಿ ಒಬ್ಬರಿಂದ ಒಬ್ಬರಿಗೆ ಹೋಯಿತು. ನಡುವೆ ಕೋಲು ಬೇಕಾಗಲಿಲ್ಲ.